ಉಪ್ಪುಗಾಳಿಯ ಊರಿನಲ್ಲಿ ಹಳೆಯ ಬೇಸ್ ಗಿಟಾರ್: ದುರಸ್ತಿ ಮತ್ತು ನುಡಿಸಾಣಿಕೆಯ ನನ್ನ ಅನುಭವ

ಬಳಸಿದ ಬೇಸ್ ಗಿಟಾರನ್ನು, ಅಂದರೆ ಮಂದ್ರ ಸ್ವರಗಳ ವಿದ್ಯುತ್ ಗಿಟಾರನ್ನು, ಕೊಳ್ಳುವವರು ಎಲ್ಲಕ್ಕಿಂತ ಮೊದಲು ಪರೀಕ್ಷಿಸಬೇಕಾದದ್ದು ಅದರ ಕುತ್ತಿಗೆಯನ್ನು. ತಂತಿ, ಅದರ ಕಂಪನವನ್ನು ಹಿಡಿಯುವ ಪಿಕಪ್, ಗುಂಡಿ, ತಂತಿಗಳನ್ನು ಕೆಳತುದಿಯಲ್ಲಿ ಹಿಡಿದಿಡುವ ಬ್ರಿಡ್ಜ್ ಇವೆಲ್ಲ ಕೆಟ್ಟಿದ್ದರೆ ಬದಲಿಸಬಹುದು. ತಿರುಚಿಕೊಂಡ ಕುತ್ತಿಗೆಯನ್ನು ಮಾತ್ರ ಮನೆಯಲ್ಲಿ ಕುಳಿತು ನೇರಗೊಳಿಸಲು ಆಗುವುದಿಲ್ಲ. ಗೋವೆಯ ಮದುವೆ ಬ್ಯಾಂಡುಗಳಲ್ಲಿ ವರ್ಷಗಟ್ಟಲೆ ನುಡಿಸಿ ಬಿಟ್ಟ ಹಿರಿಯರೊಬ್ಬರು ತಮ್ಮ ವಾದ್ಯವನ್ನು ಮಾರುತ್ತಾರೆಂದು ತಿಳಿದು ಕಾರವಾರದಿಂದ ಮಡಗಾಂವಿಗೆ ರೈಲು ಹತ್ತಿ ಹೋದಾಗ, ನಾನು ಅದನ್ನು ಆಂಪ್ಲಿಫೈಯರಿಗೆ ಜೋಡಿಸಿ ಕೇಳುವ ಮೊದಲೇ ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ಫ್ರೆಟ್‌ಬೋರ್ಡಿನ, ಅಂದರೆ ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳು ಕೂತ ಕುತ್ತಿಗೆಯ ಮೇಲುಹಲಗೆಯ, ಎರಡೂ ಅಂಚುಗಳನ್ನು ಉದ್ದಕ್ಕೆ ನೋಡಿದೆ. ಎರಡು ಅಂಚುಗಳೂ ಒಂದೇ ಪ್ರಮಾಣದಲ್ಲಿ ಬಾಗಿದ್ದವು. ಹಾಗಿದ್ದರೆ ಅದು ಬರಿಯ ಬಾಗು, ಒಳಗಿನ ಉಕ್ಕಿನ ಸರಳಿನಿಂದ ಹತೋಟಿಗೆ ಬರುವಂಥದ್ದು. ಒಂದು ಅಂಚು ಮೇಲೆದ್ದು ಇನ್ನೊಂದು ಕೆಳಗಿಳಿದಿದ್ದರೆ ನಾನು ಬರಿಗೈಯಲ್ಲಿ ಹಿಂದಿರುಗುತ್ತಿದ್ದೆ.

ವಾದ್ಯದ ತಲೆಯ ಮೇಲೆ ಇದ್ದ ತಯಾರಕರ ಹೆಸರು ಸವೆದು ಹೋಗಿದೆ. ಆಕಾರ ಮತ್ತು ಜೋಡಣೆಯಲ್ಲಿ ಅದು ಅಮೆರಿಕದ ಗಿಟಾರ್ ತಯಾರಕ ಫೆಂಡರ್ ಸಂಸ್ಥೆ 1960ರಲ್ಲಿ ಹೊರತಂದ ಜಾಝ್ ಬೇಸ್ ಮಾದರಿಯ ನಕಲು: ನಾಲ್ಕು ತಂತಿ, ಎರಡು ಪಿಕಪ್, ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿ ಊರುವ ನಟ್‌ನಿಂದ ಬ್ರಿಡ್ಜ್‌ವರೆಗೆ 34 ಅಂಗುಲ, ಅಂದರೆ ಸುಮಾರು 864 ಮಿಲಿಮೀಟರ್ ತಂತಿಯುದ್ದ. ಫ್ರೆಟ್‌ಬೋರ್ಡ್ ರೋಸ್‌ವುಡ್‌ನದು; ಆ ಹೆಸರಿನಲ್ಲಿ ಗಿಟಾರ್‌ಗಳಿಗೆ ಹೋಗುವ ಮರಗಳಲ್ಲಿ ನಮ್ಮ ಸಹ್ಯಾದ್ರಿಯ ಬೀಟೆಯೂ ಒಂದಾದ್ದರಿಂದ, ಆ ಕಂದುಗಪ್ಪು ಎಳೆಗಳನ್ನು ಕಂಡಾಗ ಪರದೇಶದ ವಾದ್ಯವೆಂಬ ಭಾವನೆಯೇ ಬರಲಿಲ್ಲ.

ಕಡಲ ದಂಡೆಯ ಊರುಗಳಲ್ಲಿ ವಿದ್ಯುತ್ ವಾದ್ಯಗಳು ಹಾಳಾಗುವ ರೀತಿ ಬಯಲುಸೀಮೆಯಲ್ಲಿ ಹಾಳಾಗುವ ರೀತಿಗಿಂತ ಬೇರೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ತೇವವನ್ನು ಹೀರುತ್ತದೆ, ಉಳಿದ ತಿಂಗಳುಗಳಲ್ಲಿ ಅದನ್ನು ನಿಧಾನವಾಗಿ ಬಿಡುತ್ತದೆ, ಮತ್ತು ವರ್ಷವಿಡೀ ಗಾಳಿಯಲ್ಲಿರುವ ಉಪ್ಪು ಲೋಹವನ್ನು ತಿನ್ನುತ್ತದೆ. ನನ್ನ ವಾದ್ಯದ ಫ್ರೆಟ್‌ಗಳ ಮೇಲೆ ಹಸಿರು ಕಿಲುಬು ಕೂತಿತ್ತು. ಫ್ರೆಟ್‌ಗಳಿಗೆ ಬಳಸುವ ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿಯ ಅಂಶವೇ ಇರುವುದಿಲ್ಲ. ಅದು ತಾಮ್ರ, ನಿಕ್ಕಲ್, ಸತುಗಳ ಮಿಶ್ರಣ, ಅದರಲ್ಲಿ ತಾಮ್ರದ ಪಾಲೇ ಹೆಚ್ಚಾದ್ದರಿಂದ ಹಸಿರು ಕಟ್ಟುವುದು ಸಹಜ. ಬ್ರಿಡ್ಜ್ ಮೇಲೆ ಒಂದೊಂದು ತಂತಿ ಊರುವ ಸ್ಯಾಡಲ್‌ಗಳ ಎತ್ತರವನ್ನು ಹೊಂದಿಸುವ ಪುಟ್ಟ ತಿರುಪುಗಳು ತುಕ್ಕು ಹಿಡಿದು ಅಲುಗಾಡದೆ ನಿಂತಿದ್ದವು. ಅವುಗಳಿಗೆ ತುಕ್ಕು ಸಡಿಲಿಸುವ ಎಣ್ಣೆಯ ಹನಿ ಬಿಟ್ಟು, ಒಂದು ರಾತ್ರಿ ಹಾಗೆಯೇ ಇಟ್ಟು, ಮರುದಿನ ಅಲೆನ್ ಕೀಲಿಯನ್ನು ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ಒತ್ತಿ ಆಮೇಲೆ ಬಿಚ್ಚುವ ದಿಕ್ಕಿಗೆ ತಿರುಗಿಸಿದಾಗ ಒಂದೊಂದಾಗಿ ಬಿಟ್ಟುಕೊಟ್ಟವು. ಅವುಗಳ ಜಾಗಕ್ಕೆ ಅದೇ ಅಳತೆಯ ಸ್ಟೇನ್‌ಲೆಸ್ ಸ್ಟೀಲ್ ತಿರುಪುಗಳನ್ನು ಹಾಕಿದೆ. ಕರಾವಳಿಯವರು ಹಳೆಯ ವಾದ್ಯಕ್ಕೆ ಮಾಡುವ ಖರ್ಚುಗಳಲ್ಲಿ ಇಷ್ಟು ಅಗ್ಗದ್ದೂ ಇಷ್ಟು ಉಪಯುಕ್ತವಾದದ್ದೂ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ.

ಫ್ರೆಟ್‌ಗಳನ್ನು ಉಜ್ಜಲು ನಾಲ್ಕು ಸೊನ್ನೆಯ ಅತಿ ನಯವಾದ ಸ್ಟೀಲ್ ವುಲ್ ಬಳಸಿದೆ. ಉಜ್ಜುವ ಮೊದಲು ಮರದ ಭಾಗಕ್ಕೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿದ್ದಲ್ಲದೆ ಪಿಕಪ್‌ಗಳ ಮೇಲೂ ಅಂಟಿಸಿದೆ, ಏಕೆಂದರೆ ಅವುಗಳೊಳಗಿನ ಆಯಸ್ಕಾಂತ ಉಕ್ಕಿನ ಧೂಳನ್ನು ಸೆಳೆದು ಹಿಡಿದುಕೊಂಡರೆ ಅದನ್ನು ಬಿಡಿಸುವುದು ಕಷ್ಟ. ಎಂಟನೆಯ ಫ್ರೆಟ್ ಒಂದು ತುದಿಯಲ್ಲಿ ಮೇಲೆದ್ದಿತ್ತು. ಹಳೆಯ ಎಟಿಎಂ ಕಾರ್ಡಿನ ನೇರ ಅಂಚನ್ನು ಮೂರು ಫ್ರೆಟ್‌ಗಳ ಮೇಲೆ ಒಟ್ಟಿಗೆ ಇಟ್ಟಾಗ ಅದು ತೂಗಿದರೆ ನಡುವಿನದು ಎತ್ತರವಿದೆ ಎಂದರ್ಥ. ಈ ಪರೀಕ್ಷೆಗೆ ಬೇರೆ ಉಪಕರಣ ಬೇಕಿಲ್ಲ. ಫ್ರೆಟ್ಟಿನಡಿಗೆ ತೆಳುವಾದ ಸೂಪರ್ ಗ್ಲೂ ಒಂದು ಹನಿ ಬಿಟ್ಟು, ಪ್ಲಾಸ್ಟಿಕ್ ತಲೆಯ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮರದ ತುಂಡನ್ನಿಟ್ಟು ಕ್ಲಾಂಪಿನಿಂದ ಒತ್ತಿ ಹಿಡಿದದ್ದರಿಂದ ಅದು ತನ್ನ ಕಚ್ಚಿನಲ್ಲಿ ಮತ್ತೆ ಕೂತಿತು.

ಇನ್ನು ಟ್ರಸ್ ರಾಡ್, ಅಂದರೆ ಕುತ್ತಿಗೆಯೊಳಗಿನ ಆ ಉಕ್ಕಿನ ಸರಳು. ನಾಲ್ಕು ತಂತಿಗಳನ್ನು ಶ್ರುತಿಗೆ ಏರಿಸಿದಾಗ ಕುತ್ತಿಗೆಯ ಮೇಲೆ ಬೀಳುವ ಎಳೆತ ಹೆಚ್ಚುಕಡಿಮೆ 70ರಿಂದ 80 ಕಿಲೋ ಭಾರಕ್ಕೆ ಸಮವಾಗಿರುತ್ತದೆ. ಆ ಎಳೆತಕ್ಕೆ ಕುತ್ತಿಗೆ ಬಿಲ್ಲಿನಂತೆ ಮುಂದಕ್ಕೆ ಬಾಗುತ್ತದೆ, ಒಳಗಿರುವ ಉಕ್ಕಿನ ಸರಳು ಅದನ್ನು ಹಿಂದಕ್ಕೆಳೆದು ಸರಿದೂಗಿಸುತ್ತದೆ. ಪೂರ್ತಿ ನೇರವೂ ಬೇಡ; ಮಿಡಿದ ತಂತಿ ನಡುವಿನಲ್ಲಿ ಅಗಲವಾಗಿ ಕಂಪಿಸುವುದರಿಂದ ಅದಕ್ಕೊಂದಿಷ್ಟು ಜಾಗ ಬೇಕಾಗುತ್ತದೆ. ಅಳೆಯುವ ಕ್ರಮ ಸರಳವಾಗಿದೆ. ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿದರೆ ತಂತಿಯೇ ನೇರಪಟ್ಟಿಯಾಗುತ್ತದೆ. ಆಗ ಏಳೆಂಟನೆಯ ಫ್ರೆಟ್‌ನ ನೆತ್ತಿಗೂ ತಂತಿಯ ಅಡಿಗೂ ನಡುವೆ ಉಳಿಯುವ ಸಂದನ್ನು ಫೀಲರ್ ಗೇಜ್‌ನಿಂದ, ಅಂದರೆ ದಪ್ಪ ಬರೆದಿರುವ ತೆಳು ಲೋಹದ ಎಲೆಗಳಿಂದ, ನೋಡಬೇಕು. ಈ ಗೇಜ್ ನನಗೆ ಸಿಕ್ಕಿದ್ದು ಸಂಗೀತದ ಅಂಗಡಿಯಲ್ಲಿ ಅಲ್ಲ, ಮೋಟಾರು ಬಿಡಿಭಾಗಗಳ ಅಂಗಡಿಯಲ್ಲಿ. ಬೈಕುಗಳ ವಾಲ್ವ್ ಸಂದನ್ನು ಹೊಂದಿಸಲು ಪ್ರತಿ ಗ್ಯಾರೇಜಿನಲ್ಲೂ ಅದನ್ನು ಇಟ್ಟಿರುತ್ತಾರೆ. ನನ್ನ ವಾದ್ಯದಲ್ಲಿ ಒಂದು ಮಿಲಿಮೀಟರಿಗೂ ಮಿಕ್ಕ ಸಂದು ಇತ್ತು. ಇರಬೇಕಾದದ್ದು 0.3 ಮಿಲಿಮೀಟರಿನ ಆಸುಪಾಸು.

ಸರಳಿನ ತುದಿಯ ತಿರುಪನ್ನು ಪ್ರದಕ್ಷಿಣೆಯಾಗಿ ತಿರುಗಿಸಿದರೆ ಬಾಗು ಕಡಿಮೆಯಾಗುತ್ತದೆ. ಆದರೆ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು ಎಂಬುದನ್ನು ನಾನು ನಿಯಮವಾಗಿ ಪಾಲಿಸಿದೆ, ಮತ್ತು ಪ್ರತಿ ಸಲವೂ ತಂತಿಯನ್ನು ತುಸು ಸಡಿಲಿಸಿ ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಮರುದಿನದವರೆಗೆ ಮುಟ್ಟದೆ ಬಿಟ್ಟೆ. ಮರ ಕೂಡಲೇ ಮಾತು ಕೇಳುವುದಿಲ್ಲ. ರಾತ್ರಿ ಕಳೆದ ಮೇಲೆ ಅಳೆದರೆ ಸಂದು ಇನ್ನಷ್ಟು ಕಡಿಮೆಯಾಗಿರುವುದು ಕಾಣುತ್ತದೆ. ಕೀಲಿ ಸರಿಯಾದ ಅಳತೆಯದಾಗಿರಬೇಕು, ನನ್ನದಕ್ಕೆ 4 ಮಿಲಿಮೀಟರಿನದು ಬೇಕಾಯಿತು, ಏಕೆಂದರೆ ಸಡಿಲವಾದ ಕೀಲಿಯಿಂದ ತಿರುಪಿನ ಮೂಲೆಗಳು ಸವೆದರೆ ಅದೊಂದೇ ಕಾರಣಕ್ಕೆ ಒಳ್ಳೆಯ ಕುತ್ತಿಗೆ ನಿರುಪಯೋಗಿಯಾಗುತ್ತದೆ. ಬಿಗಿ ಹೆಚ್ಚಾಗಿ ಕೀಲಿ ತಿರುಗದೆ ನಿಂತಲ್ಲಿ ಬಲ ಪ್ರಯೋಗಿಸದೆ ಕೆಲಸ ನಿಲ್ಲಿಸುವುದು ಲೇಸು.

ಕುತ್ತಿಗೆ ನಿಂತ ಮೇಲೆ ಉಳಿದ ಹೊಂದಾಣಿಕೆ ಸಲೀಸಾಯಿತು. ಹನ್ನೆರಡನೆಯ ಫ್ರೆಟ್‌ನಲ್ಲಿ ತಂತಿಯ ಎತ್ತರವನ್ನು ತೆಳು ತಂತಿಗೆ 2, ದಪ್ಪ ತಂತಿಗೆ 2.5 ಮಿಲಿಮೀಟರಿಗೆ ತಂದೆ. ಆಮೇಲೆ ಅದೇ ಹನ್ನೆರಡನೆಯ ಫ್ರೆಟ್‌ನ ಮೇಲೆ ಬೆರಳು ಸೋಕಿಸಿ ಬರುವ ಸ್ವರವನ್ನೂ ಒತ್ತಿ ಹಿಡಿದು ಬರುವ ಸ್ವರವನ್ನೂ ಫೋನಿನ ಟ್ಯೂನರಿನಲ್ಲಿ ಹೋಲಿಸಿ, ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೂ ಇಳಿದಿದ್ದರೆ ಮುಂದಕ್ಕೂ ಸರಿಸಿದೆ. ತಂತಿಯ ಆಯ್ಕೆಯಲ್ಲಿ ಮಾತ್ರ ತುಸು ಯೋಚಿಸಬೇಕಾಯಿತು. ಬೇಸ್ ತಂತಿಗಳ ಬೆಲೆ ಸಾಮಾನ್ಯ ಗಿಟಾರ್ ತಂತಿಗಳಿಗಿಂತ ಹಲವು ಪಟ್ಟು ಹೆಚ್ಚಾದ್ದರಿಂದ, ಹಳೆಯ ತಂತಿಗಳನ್ನು ನೀರಿನಲ್ಲಿ ಕುದಿಸಿ ಒರೆಸಿ ಮತ್ತೆ ಕಟ್ಟುವ ಪದ್ಧತಿ ನುಡಿಸುವವರಲ್ಲಿದೆ. ಸುತ್ತುಗಳ ನಡುವಿನ ಕೊಳೆ ಬಿಟ್ಟು ಕೆಲವು ಕಾಲ ಹೊಳಪು ಮರಳುತ್ತದೆ. ನನ್ನ ವಾದ್ಯದ ತಂತಿಗಳು ತುಕ್ಕು ಹಿಡಿದು ಆ ಹಂತವನ್ನು ದಾಟಿದ್ದವು. ಮೇಲ್ಮೈ ಚಪ್ಪಟೆಯಾಗಿರುವ ಫ್ಲಾಟ್‌ವೂಂಡ್ ತಂತಿಗಳನ್ನೇ ತರಿಸಿದೆ. ಅವುಗಳಲ್ಲಿ ಬೆವರು, ಉಪ್ಪು ಕೂರುವ ಗೆರೆಗಳು ಇಲ್ಲ, ಫ್ರೆಟ್ ಸವೆತವೂ ಕಡಿಮೆ, ದನಿ ದುಂಡಗೆ ಮತ್ತು ಮಂದ್ರವಾಗಿ ಬರುತ್ತದೆ. ಅವುಗಳ ಎಳೆತ ಸಾಮಾನ್ಯವಾಗಿ ಹೆಚ್ಚಿರುವ ಕಾರಣ ಟ್ರಸ್ ರಾಡನ್ನು ಮತ್ತೊಮ್ಮೆ ನೋಡಬೇಕಾಯಿತು. ಹೆಬ್ಬೆರಳಿನಿಂದ ಬಾರಿಸಿ ಕಿಡಿ ಹಾರುವಂಥ ದನಿ ತೆಗೆಯಬಯಸುವವರಿಗೆ ಇವು ಹಿಡಿಸಲಾರವು.

ವಿದ್ಯುತ್ ಭಾಗದಲ್ಲಿ ಮೂರು ದೋಷಗಳಿದ್ದವು. ಗುಂಡಿ ತಿರುಗಿಸಿದರೆ ಕರಕರ ಸದ್ದು ಬರುತ್ತಿತ್ತು; ಗುಂಡಿಗಳ ಅಡಿಯ ಪಾಟ್‌ಗಳ (ತಿರುಗಿಸುವ ರೋಧಕಗಳ) ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹಲವು ಬಾರಿ ಪೂರ್ತಿ ತಿರುಗಿಸಿದಾಗ ಎರಡು ಸುಧಾರಿಸಿದವು, ಮೂರನೆಯದನ್ನು 250 ಕಿಲೋ ಓಮ್‌ನ ಹೊಸದಕ್ಕೆ ಬದಲಿಸಿದೆ. ಟೋನ್ ಗುಂಡಿಗೆ ಜೋಡಿಸಿದ 0.047 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ರೇಡಿಯೊ, ಟಿವಿ ದುರಸ್ತಿಯ ಅಂಗಡಿಗಳಲ್ಲಿ ಸಿಗುವಂಥದ್ದೇ, ಮೈಮೇಲೆ 473 ಎಂದು ಬರೆದಿರುತ್ತದೆ. ವೈರು ಚುಚ್ಚುವ ಜ್ಯಾಕ್‌ನ ನಾಲಗೆ ಸಡಿಲವಾಗಿತ್ತು, ಒಳಕ್ಕೆ ಬಾಗಿಸಿದ್ದಷ್ಟೇ. ಮೂರನೆಯದು ಸತತವಾದ ಗುಂಯ್ ಸದ್ದು. ತಂತಿಯನ್ನು ಮುಟ್ಟಿದಾಗ ಆ ಸದ್ದು ತಗ್ಗಬೇಕು, ಏಕೆಂದರೆ ಬ್ರಿಡ್ಜ್‌ನ ಅಡಿಯಿಂದ ಒಂದು ತಾಮ್ರದ ವೈರು ಪಾಟ್‌ನ ಬೆನ್ನಿಗೆ ಹೋಗಿ ವಾದ್ಯದ ತಂತಿಗಳನ್ನೆಲ್ಲ ಗ್ರೌಂಡ್‌ಗೆ ಜೋಡಿಸಿರುತ್ತದೆ. ನನ್ನದರಲ್ಲಿ ತಗ್ಗುತ್ತಿರಲಿಲ್ಲ. ಬ್ರಿಡ್ಜ್ ಬಿಚ್ಚಿ ನೋಡಿದರೆ ಆ ತಾಮ್ರ ಉಪ್ಪು ತಿಂದು ಹಸಿರು ಪುಡಿಯಾಗಿತ್ತು. ಹೊಸ ವೈರು ಹಾಕಿ, ಪಾಟ್‌ನ ಬೆನ್ನನ್ನು ಕೆರೆದು ಬೆಸುಗೆ ಹಾಕಿ, ಒಳಗಿನ ಗುಳಿಗೆ ತಾಮ್ರದ ಹಾಳೆಯನ್ನು ಅಂಟಿಸಿದ ಮೇಲೆ ಸದ್ದು ಬಹುಮಟ್ಟಿಗೆ ಹೋಯಿತು. ನಮ್ಮ ಮನೆಗಳ ವಿದ್ಯುತ್ತಿನ ಕಂಪನ ಸೆಕೆಂಡಿಗೆ 50. ಬೇಸ್‌ನ ದಪ್ಪ ತಂತಿಯ ಮೂರನೆಯ ಫ್ರೆಟ್ ಸ್ವರ 49. ಹೀಗಾಗಿ ಈ ವಾದ್ಯದಲ್ಲಿ ಆ ಗುಂಯ್ ಸದ್ದು ಬರಿಯ ಗದ್ದಲವಾಗಿರದೆ ಅಪಸ್ವರವಾಗಿಯೂ ಕೇಳುತ್ತದೆ. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳುತ್ತೇನೆ: ತಂತಿ ಮುಟ್ಟಿದಾಗ ಜುಮ್ಮೆಂದರೆ ತಪ್ಪು ಆಂಪ್ಲಿಫೈಯರಿನದು ಅಥವಾ ಮನೆಯ ಅರ್ಥಿಂಗ್‌ನದು, ಅದನ್ನು ಎಲೆಕ್ಟ್ರಿಷಿಯನ್ ಪರೀಕ್ಷಿಸುವವರೆಗೆ ವಾದ್ಯವನ್ನು ಮುಟ್ಟಬಾರದು, ಮೂರು ಪಿನ್ನಿನ ಪ್ಲಗ್ಗನ್ನು ಎಂದೂ ಎರಡು ಪಿನ್ನಿಗೆ ಇಳಿಸಬಾರದು.

ಬಣ್ಣದ ಗೋಜಿಗೆ ನಾನು ಹೋಗಲಿಲ್ಲ. ಮೊಣಕೈ ಊರುವಲ್ಲಿ ಬಣ್ಣ ಸವೆದು ಮರ ಕಾಣುತ್ತದೆ, ಪಿಕಪ್‌ನ ಅಂಚಿನಲ್ಲಿ ಹಿಂದಿನವರ ಹೆಬ್ಬೆರಳು ಊರಿದ ಗುಳಿಯಿದೆ, ಅದೇ ಗುಳಿಯಲ್ಲಿ ನನ್ನ ಹೆಬ್ಬೆರಳೂ ಚೆನ್ನಾಗಿ ನಿಲ್ಲುತ್ತದೆ. ದನಿಗೆ ತೊಂದರೆ ಮಾಡದ ಸವೆತವನ್ನು ಮುಚ್ಚಲು ಹಣ ಸುರಿಯುವವರನ್ನು ಕಂಡರೆ, ಆ ಹಣದಲ್ಲಿ ಇನ್ನೊಂದು ಜೊತೆ ತಂತಿ ಬರುತ್ತಿತ್ತಲ್ಲ ಎಂದು ನನಗೆ ಅನ್ನಿಸುತ್ತದೆ.

ಮಳೆಗಾಲದಲ್ಲಿ ವಾದ್ಯವನ್ನು ಹೊರಗೋಡೆಗೆ ತಾಗಿಸದೆ, ಸಿಲಿಕಾ ಜೆಲ್ ಚೀಲಗಳೊಡನೆ ಗಟ್ಟಿ ಪೆಟ್ಟಿಗೆಯಲ್ಲಿ ಇಡುತ್ತೇನೆ. ಚೀಲಗಳು ತೇವ ಹೀರಿ ತುಂಬಿದಾಗ ಒಳಗಿನ ಹರಳುಗಳನ್ನು ಬಾಣಲೆಯಲ್ಲಿ ಹದವಾಗಿ ಬಿಸಿ ಮಾಡಿ ಮತ್ತೆ ಬಳಸಬಹುದು. ಕ್ಯಾಮೆರಾ, ಹಾರ್ಮೋನಿಯಂಗಳಿಗಾಗಿ ಕಪಾಟಿನೊಳಗೆ ಸಣ್ಣ ಬಲ್ಬು ಉರಿಸಿಡುವ ಹಳೆಯ ರೂಢಿಯೂ ಒಳ್ಳೆಯದೇ, ಆದರೆ ಅದಕ್ಕೆ ಬಿಸಿಯಾಗುವ ಹಳೆಯ ಬಗೆಯ ಬಲ್ಬೇ ಬೇಕು, ಎಲ್‌ಇಡಿಯಿಂದ ಪ್ರಯೋಜನವಿಲ್ಲ. ಮಳೆ ಹಿಡಿದ ಮೇಲೊಮ್ಮೆ, ದೀಪಾವಳಿಯ ಹೊತ್ತಿಗೊಮ್ಮೆ ಕುತ್ತಿಗೆಯ ಸಂದನ್ನು ಅಳೆಯುತ್ತೇನೆ.

ನುಡಿಸುವುದಕ್ಕೆ ನನಗೆ ಸಿಕ್ಕಿದ ಜೊತೆ ಬ್ಯಾಂಡ್ ಅಲ್ಲ, ಮನೆಯ ಭಜನೆ. ಹಾರ್ಮೋನಿಯಂನಲ್ಲಿ ಕರಿ ಒಂದನ್ನು ಷಡ್ಜ ಮಾಡಿಕೊಂಡು ಹಾಡುವಾಗ ಬೇಸ್‌ನಲ್ಲಿ ಆ ಷಡ್ಜ ಎ ತಂತಿಯ (ದಪ್ಪದಿಂದ ತೆಳುವಿಗೆ ತಂತಿಗಳ ಹೆಸರು ಇ, ಎ, ಡಿ, ಜಿ) ನಾಲ್ಕನೆಯ ಫ್ರೆಟ್‌ನಲ್ಲಿ ಸಿಗುತ್ತದೆ. ಈ ವಾದ್ಯದ ತಂತಿಗಳು ಒಂದರಿಂದ ಇನ್ನೊಂದಕ್ಕೆ ಮಧ್ಯಮದ ಅಂತರದಲ್ಲಿ ಇರುವುದರಿಂದ, ಅದೇ ಫ್ರೆಟ್‌ನಲ್ಲಿ ಪಕ್ಕದ ದಪ್ಪ ತಂತಿಯನ್ನು ಒತ್ತಿದರೆ ಕೆಳಗಿನ ಪಂಚಮ, ಇನ್ನೊಂದು ಪಕ್ಕದ ಡಿ ತಂತಿಯನ್ನು ಒತ್ತಿದರೆ ಮಧ್ಯಮ. ಎರಡು ಫ್ರೆಟ್ ಮುಂದೆ ಹೋದರೆ ಡಿ ತಂತಿಯಲ್ಲಿ ಮೇಲಿನ ಪಂಚಮ, ಜಿ ತಂತಿಯಲ್ಲಿ ತಾರ ಷಡ್ಜ. ಈ ನಕ್ಷೆ ಕೈಗೆ ಕೂತರೆ ಹಾಡುವವರು ಶ್ರುತಿ ಬದಲಿಸಿದಾಗ ಇಡೀ ಕೈಯನ್ನು ಒಂದೆರಡು ಮನೆ ಸರಿಸಿದರೆ ಸಾಕಾಗುತ್ತದೆ. ಹಳೆಯ ಹಾರ್ಮೋನಿಯಂಗಳು ಟ್ಯೂನರಿನ ಅಳತೆಗೆ ಸರಿಯಾಗಿ ಇರುವುದು ಅಪರೂಪವಾದ್ದರಿಂದ, ನಾನು ಟ್ಯೂನರನ್ನು ಬದಿಗಿಟ್ಟು ಹಾರ್ಮೋನಿಯಂಗೇ ತಂತಿಗಳನ್ನು ಹೊಂದಿಸಿಕೊಳ್ಳುತ್ತೇನೆ.

ಒಬ್ಬನೇ ಅಭ್ಯಾಸ ಮಾಡುವಾಗ ಆಂಪ್ಲಿಫೈಯರಿನ ಅಗತ್ಯವೂ ಅಷ್ಟಾಗಿ ಬೀಳುವುದಿಲ್ಲ. ವಾದ್ಯದ ಮೇಲಿನ ಕೊಂಬನ್ನು ಮರದ ಕಪಾಟಿನ ಬಾಗಿಲಿಗೆ ತಾಗಿಸಿ ಹಿಡಿದರೆ ಬಾಗಿಲೇ ಕಂಪಿಸಿ ದನಿ ಕೊಡುತ್ತದೆ. ದಪ್ಪ ತಂತಿಯ ಬಿಡಿ ಸ್ವರ ಸೆಕೆಂಡಿಗೆ 41 ಕಂಪನದ್ದು, ಸಣ್ಣ ಸ್ಪೀಕರುಗಳು ಅದನ್ನು ಹೊರಡಿಸಲಾರವು. ಆದರೂ ಅದರ ಎರಡು, ಮೂರು ಪಟ್ಟಾದ 82, 123ರ ಅನುಸ್ವರಗಳಿಂದ ಕಿವಿ ಮೂಲ ಸ್ವರವನ್ನು ತಾನೇ ಊಹಿಸಿಕೊಳ್ಳುವುದರಿಂದ ಅಭ್ಯಾಸಕ್ಕೆ ಕುಂದಾಗುವುದಿಲ್ಲ. ಭಜನೆಯಲ್ಲಿ ತೊಡಕಿರುವುದು ತಬಲಾ ಜೋಡಿಯ ಎಡದ ದೊಡ್ಡ ವಾದ್ಯವಾದ ಡಗ್ಗಾದ ಜೊತೆ. ಡಗ್ಗಾದ ಗುಮುಕಿಯೂ ಬೇಸ್‌ನ ಸ್ವರವೂ ಒಂದೇ ಮಂದ್ರ ವಲಯದಲ್ಲಿ ಇರುವುದರಿಂದ ಎರಡೂ ಒಟ್ಟಿಗೆ ಮೊಳಗಿದರೆ ಯಾವುದೂ ಸ್ಪಷ್ಟವಾಗುವುದಿಲ್ಲ. ಆದ್ದರಿಂದ ವಿಲಂಬದಲ್ಲಿ ಮಾತ್ರ ಸ್ವರದಿಂದ ಸ್ವರಕ್ಕೆ ನಡೆಯುತ್ತೇನೆ. ತಬಲಾ ದುಗುಣಕ್ಕೆ (ಇಮ್ಮಡಿ ವೇಗಕ್ಕೆ) ಏರಿದಾಗ ತಾಳದ ಮೊದಲ ಪೆಟ್ಟಾದ ಸಮ್‌ನ ಮೇಲೆ ಷಡ್ಜ, ಬೀಸು ಪೆಟ್ಟಾದ ಖಾಲಿಯ ಮೇಲೆ ಪಂಚಮ ಇಷ್ಟನ್ನೇ ಇಟ್ಟು, ಬ್ರಿಡ್ಜ್ ಕಡೆಯ ಪಿಕಪ್ಪನ್ನು ಪೂರ್ತಿ ಏರಿಸಿ ಇನ್ನೊಂದನ್ನು ಅರ್ಧಕ್ಕೆ ಇಳಿಸುತ್ತೇನೆ, ಆಗ ಸ್ವರದ ಅಂಚು ಡಗ್ಗಾದಿಂದ ಬೇರ್ಪಟ್ಟು ಕೇಳುತ್ತದೆ.