ಬೆಲ್ಲದಲ್ಲೂ ಕೇಕ್ ಉಬ್ಬುತ್ತೆ: ನನ್ನ ಅನುಭವ

ಸಕ್ಕರೆ ಎಷ್ಟೋ ಅಷ್ಟೇ ಬೆಲ್ಲದ ಪುಡಿ ಹಾಕಿ, ಆಯ್ತು ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ಮಾಡಿದ ಕೇಕನ್ನು ಮಾತ್ರ ಯಾರೂ ಕೊಯ್ದು ತೋರಿಸುವುದಿಲ್ಲ. ನಾನು ಮಾಡಿ ನೋಡಿದ್ದೇನೆ. ನಡುವೆ ಕುಸಿದು, ತಳದಲ್ಲಿ ಅಂಟಂಟು. ನಮ್ಮ ಬೀದಿಯ ಬೇಕರಿಯವರು "ಬೆಲ್ಲದಲ್ಲಿ ಹಲ್ವ ಮಾಡಿ ಮೇಡಂ, ಕೇಕ್ ಬೇಡ" ಅಂದಿದ್ದರು. ಈಗ ತಿಂಗಳಿಗೆ ಹದಿನೈದಿಪ್ಪತ್ತು ಬೆಲ್ಲದ ಕೇಕ್ ನಮ್ಮ ಮನೆಯಿಂದ ಹೋಗುತ್ತವೆ.

ಮೊದಲು ಕೈಕೊಟ್ಟಿದ್ದು ಬೆಣ್ಣೆ. ಬೆಣ್ಣೆ ಜೊತೆ ಸಕ್ಕರೆ ತಿರುವಿದರೆ ಹರಳುಗಳು ಗಾಳಿ ಹಿಡಿದು ಬೆಣ್ಣೆ ಬೆಳ್ಳಗಾಗುತ್ತೆ, ಅಲ್ವಾ? ಬೆಲ್ಲದ ಪುಡಿ ಹಾಕಿ ಎಷ್ಟು ಬೀಟ್ ಮಾಡಿದರೂ ಗಂಟುಗಂಟಾಗಿ ಉಳಿಯಿತು, ಬೀಟರ್ ಬಿಸಿಯಾಯಿತು ಅಷ್ಟೇ. ಆಮೇಲೆ ಬಿಸಿ ಹಾಲಿಗೆ ಬೆಲ್ಲ ಕರಗಿಸಿದೆ. ಹಾಲು ಒಡೆಯಿತು. ಪಾಯಸ ಮಾಡುವವರಿಗೆಲ್ಲ ಗೊತ್ತಿರೋ ವಿಷಯ, ಆದರೂ ಮೈದಾ ಸೇರಿದರೆ ಸರಿಹೋಗುತ್ತೇನೋ ಅಂತ ಆಸೆ. ಬೆಣ್ಣೆ, ಮೊಟ್ಟೆ, ಕರೆಂಟು ಸೇರಿ ಎರಡು ಸಾವಿರ ರೂಪಾಯಿ ಮೇಲೇ ಹೋಗಿರಬೇಕು. ಅದರಲ್ಲಿ ಬೆಲ್ಲದ ಖರ್ಚು ನೂರೋ ನೂರೈವತ್ತೋ.

ಕೊನೆಗೆ ಬೆಣ್ಣೆ ಬಿಟ್ಟು ಎಣ್ಣೆಗೆ ಬಂದೆ, ಹಾಲು ಬಿಟ್ಟು ಮೊಸರಿಗೆ ಬಂದೆ. 200 ಗ್ರಾಂ ಸಕ್ಕರೆಯ ಜಾಗಕ್ಕೆ 220 ಗ್ರಾಂ ಬೆಲ್ಲ. ಕಾಲು ಕಪ್ ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಬೇಕು, ಅಷ್ಟೇ. ಎಳೆ ಪಾಕ ಬಂತೋ, ಕೇಕ್ ಗಟ್ಟಿ. ಆ ಕಾಲು ಕಪ್ಪನ್ನು ಮೊಸರಿನ ಅಳತೆಯಲ್ಲಿ ಕಳೆಯಿರಿ. ತೆಳುವಾದ ಬಟ್ಟೆಯಲ್ಲಿ ಸೋಸಿ. ಬಟ್ಟೆ ಬಿಡಿಸಿ ನೋಡಿದರೆ ಕಬ್ಬಿನ ನಾರು, ಸಣ್ಣ ಮರಳು, ಒಮ್ಮೊಮ್ಮೆ ಗೋಣಿದಾರದ ತುಂಡು ಕೂಡ ಸಿಗುತ್ತೆ. ಪೂರ್ತಿ ತಣ್ಣಗಾದ ಮೇಲೆ ಮೊಟ್ಟೆಗೆ ಸೇರಿಸಬೇಕು, ಬಿಸಿಬಿಸಿ ಇದ್ದರೆ ಮೊಟ್ಟೆ ಬೆಂದುಬಿಡುತ್ತೆ.

ಬೆಲ್ಲಕ್ಕೂ ಮೊಸರಿಗೂ ಸ್ವಲ್ಪ ಹುಳಿಗುಣ ಇರುವುದರಿಂದ ಅಡುಗೆ ಸೋಡ ಚೆನ್ನಾಗಿ ಕೆಲಸ ಮಾಡುತ್ತೆ. ಹಾಗಾಗಿ ಬೇಕಿಂಗ್ ಪೌಡರ್ ಅರ್ಧಕ್ಕಿಳಿಸಿ ಅರ್ಧ ಚಮಚ ಸೋಡ ಹಾಕುತ್ತೇನೆ. ಸೋಡ ಬಿದ್ದ ಮೇಲೆ ಫೋನ್ ಎತ್ತಬೇಡಿ, ಸೀದಾ ಓವನ್‌ಗೆ. ಬೆಲ್ಲ ಬೇಗ ಕಪ್ಪಾಗುತ್ತೆ, 180 ಡಿಗ್ರಿ ಜಾಸ್ತಿ ಆಯ್ತು. ನನ್ನ ಓಟಿಜಿಯಲ್ಲಿ (ಕರೆಂಟಿನ ಸಣ್ಣ ಓವನ್) 160ಕ್ಕಿಟ್ಟು ಐವತ್ತು ನಿಮಿಷದ ಹತ್ತಿರ ಬೇಯಿಸುತ್ತೇನೆ, ಅರ್ಧ ದಾರಿಯಲ್ಲಿ ಮೇಲೊಂದು ಫಾಯಿಲ್ ಮುಚ್ಚುತ್ತೇನೆ. ಹಿಟ್ಟಿಗೆ ಇನ್ನೊಂದು ಸಾಮಾನು ಚಿಟಿಕೆಯಷ್ಟು ಬೀಳುತ್ತೆ. ಅದನ್ನು ಇಲ್ಲಿ ಹೇಳಲ್ಲ, ಹೊಟ್ಟೆಪಾಡು ನೋಡಿ.

ಬೆಲ್ಲ ಯಾವುದು ಅನ್ನೋದೂ ಮುಖ್ಯ. ಹಳದಿಗೆ ತಿರುಗಿದ, ನೋಡಲು ಚೆಂದದ ಬೆಲ್ಲಕ್ಕೆ ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕಿರುವ ಸಾಧ್ಯತೆ ಇದೆ, ನನಗೆ ಬೇಡ. ಮಂಡ್ಯ ಕಡೆಯ ಆಲೆಮನೆಯಿಂದ ಕಪ್ಪು ಬೆಲ್ಲ ತರಿಸುತ್ತೇನೆ, ಕೆಜಿಗೆ ಎಂಬತ್ತರ ಆಸುಪಾಸು. ಸಕ್ಕರೆಗೆ ನಲವತ್ತೈದು ಹಿಡಿದರೂ ಒಂದು ಕೇಕಿಗೆ ವ್ಯತ್ಯಾಸ ಎಂಟೊಂಬತ್ತು ರೂಪಾಯಿ. ನಾನು ಮಾರುವಾಗ ನೂರು ಜಾಸ್ತಿ ತಗೋತೇನೆ. ಮಳೆಗಾಲದಲ್ಲಿ ನೀರುಬಿಟ್ಟ ಬೆಲ್ಲಕ್ಕೆ ಕಾಲು ಕಪ್ ನೀರೂ ಬೇಡ, ಎರಡು ಚಮಚ ಸಾಕು.

ಮಧ್ಯೆ ಶಿರಸಿಯಿಂದ ನೆಂಟರು ಜೋನಿ ಬೆಲ್ಲ, ಅಂದರೆ ನೀರಾಗಿರುವ ಬೆಲ್ಲ, ತಂದುಕೊಟ್ಟರು. ಕರಗಿಸುವ ಕೆಲಸವೇ ಇಲ್ಲ ಅಂತ ಸುರಿದೆ. ಕೇಕ್ ಒದ್ದೆಯಾಯಿತು, ಆದರೆ ಬಾಳೆಹಣ್ಣಿನ ಬನ್ನಿಗೆ ಅದರಷ್ಟು ರುಚಿ ಬೇರೆ ಯಾವುದೂ ಕೊಡಲಿಲ್ಲ. ರಾಗಿ ಬಿಸ್ಕತ್ತಿಗೆ ಪೂರ್ತಿ ಬೆಲ್ಲ ಹಾಕಿದಾಗ ಮೊದಲ ದಿನ ಗರಿಗರಿ, ಡಬ್ಬಿಯಲ್ಲಿ ಎರಡು ದಿನಕ್ಕೇ ಮೆತ್ತಗೆ. ಬೆಲ್ಲ ಗಾಳಿಯ ತೇವ ಎಳೆಯುತ್ತೆ. ಈಗ ಬಿಸ್ಕತ್ತಿಗೆ ಅರ್ಧ ಸಕ್ಕರೆ, ಅರ್ಧ ಬೆಲ್ಲ, ಗಿರಾಕಿಗಳಿಗೂ ಹಾಗೇ ಹೇಳಿ ಮಾರುತ್ತೇನೆ. ಶುಗರ್ ಇರುವವರು "ಬೆಲ್ಲ ತಾನೇ, ತಿನ್ನಬಹುದಲ್ವಾ" ಅಂತ ಕೇಳಿದರೆ ಇಲ್ಲ ಅಂತಲೇ ಹೇಳುತ್ತೇನೆ. ಆರ್ಡರ್ ಹೋದರೆ ಹೋಗಲಿ, ಬೆಲ್ಲದಿಂದಲೂ ಶುಗರ್ ಏರುತ್ತೆ.

ಇನ್ನು ಕ್ರಿಸ್‌ಮಸ್ ಪ್ಲಮ್ ಕೇಕ್. ಅದರ ಕ್ಯಾರಮೆಲ್‌ಗೆ ಬೆಲ್ಲ ಹಾಕಿ ನೋಡಿದೆ, ಬಣ್ಣ ಬರುವ ಮೊದಲೇ ಸೀದು ಕಹಿಯಾಯಿತು. ಆ ಒಂದು ಬಾಣಲೆಗೆ ಈಗಲೂ ಸಕ್ಕರೆನೇ ಹಾಕುತ್ತೇನೆ, ಹಿಟ್ಟಿಗೆ ಮಾತ್ರ ಬೆಲ್ಲ.