ಕಕ್ಕಡದ ಮಳೆಯಲ್ಲಿ ತಾಯಿಯ ಕಾವಿ ನೆಲ

ಎರಡು ಮಳೆಗಾಲ ದಾಟಿತು. ನಮ್ಮ ನಡುಕೋಣೆಗೆ ಹಾಕಿಸಿದ ಕಾವಿ ನೆಲದಲ್ಲಿ, ಅಂದರೆ ಸಿಮೆಂಟಿಗೆ ಕೆಂಪು ಆಕ್ಸೈಡ್ ಬೆರೆಸಿದ ನೆಲದಲ್ಲಿ, ಕೂದಲೆಳೆಯಷ್ಟು ಬಿರುಕೂ ಬಿಟ್ಟಿಲ್ಲ. ಇನ್ನು ಧೈರ್ಯವಾಗಿ ಬರೆಯಬಹುದು.

ನಾವು ಕೊಡವರು ಅಜ್ಜಿಯನ್ನು ‘ತಾಯಿ’ ಎನ್ನುತ್ತೇವೆ, ಹೆತ್ತವಳನ್ನು ‘ಅವ್ವ’ ಎನ್ನುತ್ತೇವೆ. ಆದ್ದರಿಂದ ಇಲ್ಲಿ ತಾಯಿ ಎಂದಲ್ಲೆಲ್ಲ ನನ್ನ ಅಜ್ಜಿ ಎಂದೇ ಓದಿಕೊಳ್ಳಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ 1956ರಲ್ಲಿ ಮದುವೆಯಾಗಿ ಮಡಿಕೇರಿ ಹತ್ತಿರದ ಈ ಮನೆಗೆ ಬಂದವರು ಅವರು. ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ನೆರೆಯ ತೋಟದ ಬಂಗಲೆಗೆ ಪರದೆ ಹೊಲಿದು ಕೊಟ್ಟಲ್ಲಿಂದ ಶುರುವಾದದ್ದು, ಕೊನೆಗೆ ಸುಂಟಿಕೊಪ್ಪ, ಸಿದ್ದಾಪುರ, ಪಾಲಿಬೆಟ್ಟದ ಕಡೆ ಸುಮಾರು ನಲವತ್ತು ಮನೆಗಳ ಒಳಾಂಗಣ ಮಾಡಿದರು. ನಾನು ಇದೇ ಕಸುಬು ಹಿಡಿದದ್ದು ಅವರ ಸೆರಗು ಹಿಡಿದುಕೊಂಡೇ.

2018ರ ಆಗಸ್ಟ್ ಮಳೆಗೆ ನಮ್ಮ ಮನೆಯ ನಡುಕೋಣೆಯ ಒಂದು ಮೂಲೆ ಕುಸಿಯಿತು. ಗೋಡೆಯನ್ನು ಆಗಲೇ ಸರಿಪಡಿಸಿದೆವು, ನೆಲ ಹಾಗೆಯೇ ಉಳಿಯಿತು. ತಾಯಿ ತೀರಿಕೊಂಡ ಮೇಲೆ ಮನೆಯವರೆಲ್ಲ ವಿಟ್ರಿಫೈಡ್ ಟೈಲ್ಸ್ ಹಾಕಿಸೋಣ ಎಂದರು. ನಾನು ಒಪ್ಪಲಿಲ್ಲ. ಅವರೇ ನಿಂತು ಹಾಕಿಸಿದ್ದ ಕಾವಿ ನೆಲ ಅದು. ಅಲ್ಲಿ ಮತ್ತೆ ಕಾವಿಯೇ ಬರಬೇಕಿತ್ತು.

ಮೊದಲ ಸಲ ಮಾರ್ಚಿನಲ್ಲಿ ಹಾಕಿಸಿದೆ. ಎಲ್ಲರೂ ಬೇಸಿಗೆಯಲ್ಲೇ ತಾನೇ ಹಾಕಿಸುವುದು? ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿದೆವು, ಹೊತ್ತು ಹೊತ್ತಿಗೆ ನೀರು ಚಿಮುಕಿಸಿದೆವು. ಒಂಬತ್ತನೆಯ ದಿನ ನೋಡಿದರೆ ಜೇಡರ ಬಲೆ ಹಾಸಿದಂತೆ ಬಿರುಕು. ಸುಮಾರು 420 ಚದರಡಿಯ ಕೋಣೆ. 38,000 ರೂಪಾಯಿ ಮಣ್ಣುಪಾಲು. ಕೆತ್ತಿಸಿ ತೆಗೆದು ಮೇ ತಿಂಗಳಲ್ಲಿ ಮತ್ತೆ ಹಾಕಿಸಿದೆ. ಬಿರುಕು ಕಡಿಮೆಯಾಯಿತು, ಬಣ್ಣ ಕೆಟ್ಟಿತು. ಮೂರು ಸಲ ಬೇರೆ ಬೇರೆಯಾಗಿ ಕಲಸಿದ್ದರಿಂದ ಒಂದು ಕಡೆ ಇಟ್ಟಿಗೆ ಬಣ್ಣ, ಇನ್ನೊಂದು ಕಡೆ ಹಳಸಿದ ಕುಂಕುಮದ ಬಣ್ಣ. ಅದಕ್ಕೊಂದು 25,000 ಹೋಯಿತು. ಆ ರಾತ್ರಿ ನಾನು ಊಟ ಮಾಡಲಿಲ್ಲ.

ದಾರಿ ಸಿಕ್ಕಿದ್ದು ತಾಯಿಯ ಅಡುಗೆಮನೆಯ ಲೆಕ್ಕದ ಪುಸ್ತಕದಲ್ಲಿ. ಅಕ್ಕಿ, ಮೆಣಸು, ಹಂದಿಮಾಂಸದ ಲೆಕ್ಕಗಳ ನಡುವೆ ಪೆನ್ಸಿಲ್ಲಿನಲ್ಲಿ ಒಂದು ಸಾಲು: ‘ಕಕ್ಕಡ ಹತ್ತು. ನಡುಕೋಣೆ ನೆಲ. ಜೋರು ಮಳೆ. ಆಳು ಆರು, ಊಟ ಎಂಟು.’

ಕಕ್ಕಡವೆಂದರೆ ನಮ್ಮ ಕೊಡವ ತಿಂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಗದ್ದೆಯಲ್ಲಿ ನಾಟಿಯ ಕಾಲ. ಶುಭಕಾರ್ಯ ಯಾರೂ ಇಟ್ಟುಕೊಳ್ಳುವುದಿಲ್ಲ, ಮನೆ ಕಟ್ಟುವ ಕೆಲಸವಂತೂ ಇಲ್ಲವೇ ಇಲ್ಲ. ನಾನು ಕಕ್ಕಡದಲ್ಲಿ ನೆಲ ಹಾಕಿಸುತ್ತೇನೆ ಎಂದಾಗ ಅವ್ವ ಸುಮ್ಮನಾದರು. ಮೇಸ್ತ್ರಿ ಮಾತ್ರ ನೇರವಾಗಿಯೇ ಹೇಳಿದರು: “ಅಕ್ಕಾ, ಈ ಮಳೆಗೆ ಬಟ್ಟೆಯೇ ಒಣಗುವುದಿಲ್ಲ, ನೆಲ ಒಣಗುತ್ತದೆಯೇ? ಮೂರನೆಯ ಸಲ ದುಡ್ಡು ಕಳೆದುಕೊಳ್ಳಬೇಡಿ.” ಒಣಗದಿರುವುದೇ ನನಗೆ ಬೇಕಾಗಿತ್ತು. ಸಿಮೆಂಟು ಬೇಗ ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ, ತೇವದಲ್ಲಿದ್ದರೆ ನಿಧಾನವಾಗಿ ಗಟ್ಟಿಯಾಗುತ್ತದೆ. ಇನ್ನೊಂದು ಲಾಭವೂ ಆಯಿತು: ಮಳೆಗಾಲದಲ್ಲಿ ಗಾರೆಯವರಿಗೆ ಕೆಲಸ ಇರುವುದಿಲ್ಲ, ಮಾರ್ಚಿನಲ್ಲಿ 1,200 ರೂಪಾಯಿ ದಿನಗೂಲಿ ಕೇಳಿದವರು 900ಕ್ಕೆ ಬಂದರು.

ಕೆಳಗೆ ಜಲ್ಲಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಮೇಲೆ ಕಾಂಕ್ರೀಟು ಮೊದಲೇ ಆಗಿತ್ತು. ಮೇಲ್ಪದರಕ್ಕೆ ಮೂರು ಪಾಲು ಸಿಮೆಂಟಿಗೆ ಒಂದು ಪಾಲು ಆಕ್ಸೈಡ್. ಈ ಸಲ ಇಡೀ ಕೋಣೆಗೆ ಬೇಕಾದಷ್ಟನ್ನೂ ಒಣದಾಗಿಯೇ ಬೆರೆಸಿ, ಮೂರು ಸಲ ಜರಡಿ ಹಿಡಿದು, ಒಂದೇ ಡ್ರಮ್ಮಿನಲ್ಲಿ ಮುಚ್ಚಿಟ್ಟೆ. ಬೆಳಿಗ್ಗೆ ಎಂಟಕ್ಕೆ ಹಾಸಲು ಶುರು ಮಾಡಿ ಮಧ್ಯಾಹ್ನದೊಳಗೆ ಮುಗಿಸಿದೆವು. ಅಲ್ಲಿಂದ ಕಾಯುವ ಕೆಲಸ. ಬೇಸಿಗೆಯಲ್ಲಿ ಒಂದೆರಡು ಗಂಟೆಯಲ್ಲಿ ಕರಣೆ ಎಳೆದು ನುಣುಪು ಮಾಡುವ ಹದಕ್ಕೆ ಬರುವ ನೆಲ ಆರು ಗಂಟೆ ಕಳೆದರೂ ಬೆರಳಿಗೆ ಅಂಟುತ್ತಿತ್ತು. ಚಳಿ. ಸಂಜೆ ಕರೆಂಟೂ ಹೋಯಿತು. ಮೇಸ್ತ್ರಿ ನನ್ನ ಮುಖ ನೋಡುತ್ತಿದ್ದರು.

ತಾಯಿ ಇದನ್ನು ಹೇಗೆ ಪರೀಕ್ಷಿಸುತ್ತಿದ್ದರೆಂದು ನನಗೆ ಗೊತ್ತಿತ್ತು. ಬಳೆಗಳನ್ನು ಮೊಣಕೈವರೆಗೆ ಸರಿಸಿ, ಅಂಗೈಯನ್ನು ಮೇಲೆ ಮಾಡಿ, ಬೆರಳುಗಳ ಹಿಂಬದಿಯನ್ನು ನೆಲಕ್ಕೆ ತಾಗಿಸಿ ಕಣ್ಣು ಮುಚ್ಚುತ್ತಿದ್ದರು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವಂತೆ. ತಣ್ಣಗಿರಬೇಕು, ಆದರೆ ಬೆರಳಿನ ಮೇಲೆ ತೇವ ಉಳಿಯಬಾರದು. ರಾತ್ರಿ ಒಂಬತ್ತೂವರೆಗೆ ಆ ಹದ ಬಂತು. ಎರಡು ಎಮರ್ಜೆನ್ಸಿ ದೀಪ ಇಟ್ಟುಕೊಂಡು, ಹಲಗೆಯ ಮೇಲೆ ಮೊಣಕಾಲೂರಿ, ನಡುರಾತ್ರಿ ದಾಟಿ ಒಂದು ಗಂಟೆಯವರೆಗೆ ಕರಣೆ ಎಳೆದೆವು. ಕೊನೆಯ ಸುತ್ತಿಗೆ ದೀಪದ ಬೆಳಕು ನೆಲದಲ್ಲಿ ಕಾಣತೊಡಗಿತು. ನಾನು ಅತ್ತುಬಿಟ್ಟೆ.

ಎರಡು ದಿನ ಬಿಟ್ಟು ಅಂಚಿಗೆ ಮಣ್ಣಿನ ಒಡ್ಡು ಕಟ್ಟಿ ಹದಿನಾಲ್ಕು ದಿನ ನೀರು ನಿಲ್ಲಿಸಿದೆ. ನೀರು ತೆಗೆದ ಮೇಲೆ ಗೋಡೆಯಂಚಿನಲ್ಲಿ ಅರ್ಧ ಅಡಿ ಅಗಲಕ್ಕೆ ಬಿಳಿ ಉಪ್ಪು ಎದ್ದಿತು. ತಪ್ಪು ನನ್ನದೇ, ಪ್ಲಾಸ್ಟಿಕ್ ಹಾಳೆಯನ್ನು ಗೋಡೆಯ ಬುಡಕ್ಕೆ ಮೇಲೆತ್ತಿ ಮಡಿಸಿರಲಿಲ್ಲ, ಆ ಸಂದಿನಿಂದ ಅಡಿಯ ತೇವ ಮೇಲೇರಿತು. ನೀವು ಮರೆಯಬೇಡಿ. ಒಣಬಟ್ಟೆಯಲ್ಲಿ ದಿನಾ ಒರೆಸುತ್ತ ಉಪ್ಪು ಏಳುವುದು ನಿಲ್ಲುವವರೆಗೆ, ಹೆಚ್ಚುಕಡಿಮೆ ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದ ತನಕ, ಎಣ್ಣೆ ಮುಟ್ಟಿಸಲಿಲ್ಲ. ಆಮೇಲೆ ತೆಂಗಿನೆಣ್ಣೆ, ಜೇನುಮೇಣ, ಮತ್ತೊಂದು ವಸ್ತು. ಆ ಮೂರನೆಯದನ್ನು ತಾಯಿ ನನ್ನ ಕಿವಿಯಲ್ಲಿ ಹೇಳಿದ್ದರು. ಅದು ನಮ್ಮ ಮನೆಯಲ್ಲೇ ಇರಲಿ. ಮೂರನೆಯ ಪ್ರಯತ್ನಕ್ಕೆ ಒಟ್ಟು 46,000 ಆಗಿರಬೇಕು. ಹಿಂದಿನ ಎರಡು ನಷ್ಟ ಸೇರಿಸಿದರೆ ಟೈಲ್ಸ್‌ಗಿಂತ ಬಹಳ ಹೆಚ್ಚು, ನಿಜ. ಮುಂದೆ ಮಾಡುವವರಿಗೆ ಆ ನಷ್ಟ ಇರುವುದಿಲ್ಲ.

ತಾಯಿಯ ಪ್ರಯೋಗಗಳೆಲ್ಲ ಗೆದ್ದವು ಎಂದು ನಾನು ಹೇಳುತ್ತಿಲ್ಲ. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಮಾಡುತ್ತೇವಲ್ಲ, ಆ ಕಡುನೇರಳೆ ರಸದಲ್ಲಿ ಒಮ್ಮೆ ದೀಪದ ಮುಸುಕಿಗೆಂದು ಬಟ್ಟೆ ಅದ್ದಿದರು. ಮೊದಲ ವಾರ ಕೋಣೆಯೆಲ್ಲ ಮುಸ್ಸಂಜೆಯಂತೆ ಕಂಡಿತು. ಎರಡು ತಿಂಗಳಲ್ಲಿ ಬಣ್ಣ ಮಾಸಿ ಬೂದಿಯಾಯಿತು. ನಾನೂ ಬಣ್ಣ ನಿಲ್ಲಲೆಂದು ಪಟಿಕ ಹಾಕಿ ನೋಡಿದೆ, ಇನ್ನೊಂದು ತಿಂಗಳು ಹೆಚ್ಚು ನಿಂತಿತು, ಅಷ್ಟೇ. ಕಿತ್ತ ಕಾಫಿ ಗಿಡದ ಬೇರನ್ನು ಬೋರಲು ಹಾಕಿ ಮೇಲೆ ಗಾಜು ಇಟ್ಟ ಟೀಪಾಯಿ ಈಗ ಹೋಂಸ್ಟೇಗಳಲ್ಲೆಲ್ಲ ಇದೆ. ನಮ್ಮ ಮನೆಯಲ್ಲಿ ನಾನು ಹುಟ್ಟುವ ಮೊದಲೇ ಇತ್ತು. ಕತ್ತಲೆ ಕೋಣೆಗೆ ನಾಲ್ಕು ಮಂಗಳೂರು ಹೆಂಚು ತೆಗೆಸಿ ಗಾಜಿನ ಹೆಂಚು ಕೂರಿಸುವುದು ಅವರ ಅತ್ಯಂತ ಅಗ್ಗದ, ಅತ್ಯಂತ ಒಳ್ಳೆಯ ಕೆಲಸ. ಅದಕ್ಕೆ ಯಾರಿಂದಲೂ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. “ಬೆಳಕಿಗೆ ಬಿಲ್ಲು ಬರೆಯುವುದು ಹೇಗೆ ಕುಂಞಿ (ಮಗು)?” ಎನ್ನುತ್ತಿದ್ದರು.

ಅವರು ಮಾಡಿದ ಒಳಾಂಗಣಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಯಾವ ಬಂಗಲೆಯದೂ ಅಲ್ಲ. ಗುಡ್ಡ ಕುಸಿದ ಆ 2018ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಪರಿಹಾರ ಕೇಂದ್ರವಾಗಿದ್ದ ಒಂದು ಸಭಾಂಗಣಕ್ಕೆ ಅಕ್ಕಿ ಕೊಡಲೆಂದು ಹೋದರು. ಹೆಂಗಸರು ಬಟ್ಟೆ ಬದಲಿಸಲು ಮರೆಯಿಲ್ಲದೆ ಗೋಡೆಗೆ ಮುಖ ಮಾಡಿ ನಿಂತಿದ್ದನ್ನು ಕಂಡು ತಕ್ಷಣ ಮನೆಗೆ ಬಂದರು. ಬೀರುವಿನಲ್ಲಿದ್ದ ಸೀರೆಗಳನ್ನೆಲ್ಲ ತೆಗೆದರು, ಮದುವೆಯ ಕೆಂಪು ಸೀರೆಯನ್ನೂ ಬಿಡಲಿಲ್ಲ. ರಾತ್ರಿಯೆಲ್ಲ ಹೊಲಿಗೆ ಯಂತ್ರ ತುಳಿದು, ಬೆಳಿಗ್ಗೆ ಸಭಾಂಗಣದಲ್ಲಿ ಹಗ್ಗ ಕಟ್ಟಿಸಿ ಆರು ಪುಟ್ಟ ಕೋಣೆ ಮಾಡಿದರು. ಕೆಂಪು ಸೀರೆ ಬಾಣಂತಿಯೊಬ್ಬಳ ಮೂಲೆಗೆ ಹೋಯಿತು. ಅದನ್ನು ಮರಳಿ ಕೇಳಲಿಲ್ಲ.

ಲೆಕ್ಕದ ಪುಸ್ತಕದ ಆ ಸಾಲು, ‘ಆಳು ಆರು, ಊಟ ಎಂಟು’, ನನಗೆ ಮೊದಲು ಅರ್ಥವಾಗಿರಲಿಲ್ಲ. ಅವ್ವ ಬಿಡಿಸಿ ಹೇಳಿದರು: ಆಳುಗಳ ಮನೆಯಲ್ಲಿ ಹುಷಾರಿಲ್ಲದವರು ಯಾರಿದ್ದಾರೆಂದು ಬೆಳಿಗ್ಗೆಯೇ ವಿಚಾರಿಸಿ, ಅವರಿಗೂ ಬುತ್ತಿ ಕಟ್ಟಿ ಕಳಿಸುತ್ತಿದ್ದರಂತೆ. ನಮ್ಮ ನೆಲದ ಕೆಲಸದಲ್ಲಿ ನಾನೂ ಹಾಗೆಯೇ ಮಾಡಿದೆ. ಆಳು ಐದು, ಊಟ ಏಳು.

ಈ ಕಕ್ಕಡಕ್ಕೆ ಸುಂಟಿಕೊಪ್ಪದಲ್ಲಿ ಒಂದು, ಚೆಟ್ಟಳ್ಳಿಯಲ್ಲಿ ಎರಡು ನೆಲ ಒಪ್ಪಿಕೊಂಡಿದ್ದೇನೆ. ಬೇಡವೆಂದ ಮೇಸ್ತ್ರಿಯೇ ಮೊನ್ನೆ ಫೋನು ಮಾಡಿದ್ದರು. ಬೇರೆ ಕೆಲಸ ಹಿಡಿಯುವುದಿಲ್ಲ, ದಿನ ಹೇಳಿ ಎಂದರು. ಇಡುವ ಮೊದಲು ಸ್ವಲ್ಪ ತಡೆದು, “ಊಟಕ್ಕೆ ಅಜ್ಜಿಯಮ್ಮನ ಹಾಗೆ ಅಕ್ಕಿಯ ಕಡಂಬುಟ್ಟು ಮಾಡುತ್ತೀರಿ ತಾನೇ ಅಕ್ಕಾ?” ಎಂದು ಕೇಳಿದರು.