ಬರೆದವರು ಮೌಸ್ ಮುಟ್ಟುವಂತಿಲ್ಲ

ತುಮಕೂರಿನ ಒಂದು ತರಬೇತಿ ಕೇಂದ್ರದಲ್ಲಿ ನಾನು ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. ನಮ್ಮನೆಯವರು ಪ್ರೆಸ್‌ನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮಾಡುತ್ತಿದ್ದರು. ಪೇಜ್‌ಮೇಕರ್, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ, ಲಗ್ನಪತ್ರಿಕೆ, ಕರಪತ್ರ ಅಂತ ಅವರ ದಿನ ಕಳೆಯುತ್ತಿತ್ತು. ನನ್ನ ನೋಟ್ಸ್ ಅನ್ನು ಹುಡುಗರು ಜೆರಾಕ್ಸ್ ಮಾಡಿಸಿಕೊಂಡು ಹೋಗುತ್ತಿದ್ದರು. ಅದನ್ನೇ ಇಬ್ಬರೂ ಕೂತು ತಿದ್ದಿ ಪತ್ರಿಕೆಗೆ ಕೊಟ್ಟೆವು. ಆಮೇಲೆ ಪುಸ್ತಕಗಳಾದವು.

ಗಂಡ ಹೆಂಡತಿ ಸೇರಿ ಹೇಗೆ ಬರೆಯುತ್ತೀರಿ ಅಂತ ತುಂಬಾ ಜನ ಕೇಳುತ್ತಾರೆ. ಒಬ್ಬರು ಬರೆಯುತ್ತೇವೆ. ಇನ್ನೊಬ್ಬರು ಆ ಹಾಳೆ ಪಕ್ಕದಲ್ಲಿಟ್ಟುಕೊಂಡು, ಬರೆದದ್ದನ್ನು ಬರೆದ ಹಾಗೇ ಕಂಪ್ಯೂಟರಿನಲ್ಲಿ ಮಾಡಿ ನೋಡುತ್ತೇವೆ. ಬರೆದವರು ಮೌಸ್ ಮುಟ್ಟುವಂತಿಲ್ಲ, ಬಾಯಿಯೂ ಬಿಡುವಂತಿಲ್ಲ. ಕೈ ನಿಂತ ಕಡೆ ಪೆನ್ಸಿಲ್ ಗೆರೆ ಬೀಳುತ್ತದೆ. ಆ ವಾಕ್ಯ ಮತ್ತೆ ಬರೆಯಬೇಕು. ಸುಮ್ನೆ ಕೂತು ನೋಡೋದು ಬಲು ಕಷ್ಟ. ಆದರೆ ಓದುವವರ ಪಕ್ಕದಲ್ಲಿ ನಾವು ಇರೋದಿಲ್ಲ ಅಲ್ವಾ?

ಹಳೆಯ ನುಡಿ ಫೈಲನ್ನು, ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್‌ಗೆ ತರುವ ಅಧ್ಯಾಯ ಅವರು ಬರೆದರು. ಹಳೆಯ ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಏನೂ ಓದಲಾಗುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಅಂತಲೇ 128 ಸ್ಥಾನಗಳಿವೆ. ಮಾಡಿ ನೋಡುತ್ತಾ ನಾನು ‘ವರ್ಷ’ ಅನ್ನುವಲ್ಲಿ ನಿಂತುಬಿಟ್ಟೆ. ಅರ್ಕಾವೊತ್ತು ಎಲ್ಲೋ ಹಾರಿಹೋಗಿತ್ತು. ಕಣ್ಣಿಗೆ ಅದು ‘ಷ’ ಆದಮೇಲೆ ಕಾಣುತ್ತದೆ, ಹಳೆಯ ಫೈಲಿನಲ್ಲೂ ಅದೇ ಕ್ರಮದಲ್ಲಿರುತ್ತದೆ. ಯೂನಿಕೋಡ್‌ನಲ್ಲಿ ಮಾತ್ರ ನಾವು ಉಚ್ಚರಿಸುವ ಹಾಗೆ ‘ರ’ ಮೊದಲು, ಆಮೇಲೆ ಹಲಂತ (‘್’ ಚಿಹ್ನೆ), ಆಮೇಲೆ ‘ಷ’. ಅಂದರೆ ಫೈಲನ್ನು ಬದಲಿಸಿಕೊಡುವ ಪರಿವರ್ತಕ ತಂತ್ರಾಂಶವು ಅರ್ಕಾವೊತ್ತನ್ನು ‘ಷ’ದ ಮುಂಚಿನ ಜಾಗಕ್ಕೆ ಎಳೆದು ಕೂರಿಸಬೇಕು. ಕೆಲವು ಪರಿವರ್ತಕಗಳು ಇಲ್ಲೇ ಎಡವುತ್ತವೆ. ನಮ್ಮವರಿಗೆ ಇದು ಕೈಗೆ ಕೂತ ಕೆಲಸ. ಪ್ರೆಸ್‌ನಲ್ಲಿ ದಿನಾ ಇಂಥವನ್ನು ತಿದ್ದಿ ತಿದ್ದಿ, ಹೇಳಬೇಕು ಅಂತಲೇ ಅನ್ನಿಸುವುದಿಲ್ಲ. ಅರ್ಕಾವೊತ್ತಿಗೆ ಅಂತಲೇ ಎರಡು ಪುಟ ಸೇರಿಸಿದೆವು. ಡಿಟಿಪಿ ಅಂಗಡಿಯವರು ಹೆಚ್ಚು ಮಾತಾಡಿಸುವುದು ಆ ಪುಟಗಳ ಬಗ್ಗೆಯೇ.

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಬಗ್ಗೆ ಬರೆಯುವುದು ನನ್ನ ಪಾಲಿಗೆ ಬಂತು. ತಿಪಟೂರಿನ ಕೊಬ್ಬರಿ ವ್ಯಾಪಾರಿ ಕರ್ನಾಟಕದೊಳಗೆ ಮಾರಿದರೆ ಕೇಂದ್ರದ ಸಿಜಿಎಸ್‌ಟಿ, ರಾಜ್ಯದ ಎಸ್‌ಜಿಎಸ್‌ಟಿ ಎರಡೂ ಬರುತ್ತವೆ. ದೆಹಲಿಗೆ ಕಳಿಸಿದರೆ ಅಂತರರಾಜ್ಯ ಮಾರಾಟದ ಐಜಿಎಸ್‌ಟಿ ಒಂದೇ. ಇದು ಎಲ್ಲರಿಗೂ ಗೊತ್ತು. ಲೆಕ್ಕ ತಪ್ಪುವುದು ಎಲ್ಲಿ ಅಂದರೆ, ಸರಕು ಕೊಳ್ಳುವ ಪಾರ್ಟಿಯ ಲೆಡ್ಜರ್‌ನಲ್ಲಿ ರಾಜ್ಯದ ಹೆಸರು ಸರಿಯಾಗಿ ತುಂಬದಿದ್ದಾಗ. ನಮ್ಮವರಿಗೆ ಟ್ಯಾಲಿ ಗೊತ್ತಿರಲಿಲ್ಲ. ಅದಕ್ಕೇ ಆ ಲೇಖನಕ್ಕೆ ಅವರಿಗಿಂತ ಒಳ್ಳೆಯ ಓದುಗ ನನಗೆ ಸಿಗುತ್ತಿರಲಿಲ್ಲ.

ಏನು ಬರೆಯಬೇಕು ಅನ್ನೋದನ್ನು ನಮಗೆ ಕಲಿಸಿದ್ದು ಮೈಕ್ರೋಸಾಫ್ಟ್ ಆಫೀಸ್ 2007. ಮೆನುಗಳು ಹೋಗಿ ಬಟನ್ನುಗಳ ಪಟ್ಟಿ, ಅಂದರೆ ರಿಬ್ಬನ್, ಬಂತು, ‘ಇಲ್ಲಿ ಒತ್ತಿ, ಅಲ್ಲಿ ಒತ್ತಿ’ ಅಂತ ಬರೆದದ್ದೆಲ್ಲ ಹಳತಾಯಿತು. ಎಕ್ಸೆಲ್ ಸೂತ್ರ ಹೇಗೆ ಲೆಕ್ಕ ಹಾಕುತ್ತದೆ ಅನ್ನುವ ಪುಟಗಳು ಮಾತ್ರ ಹಾಗೇ ಉಳಿದವು. ಈಗ ಬಟನ್ನಿಗೆ ಕಡಿಮೆ ಜಾಗ, ಒಳಗೆ ನಡೆಯೋದಕ್ಕೆ ಜಾಸ್ತಿ.

ಬರವಣಿಗೆಯ ದುಡ್ಡಿನಲ್ಲೇ ಮನೆ ನಡೆಯುವುದಿಲ್ಲ. ಒಬ್ಬರ ಸಂಬಳ ಸದಾ ಇರಬೇಕು. ನಾನು ಕೆಲಸ ಬಿಟ್ಟಾಗ ಅವರು ಪ್ರೆಸ್ ಬಿಡಲಿಲ್ಲ. ಅವರು ಬಿಟ್ಟಾಗ ನಾನು ಮತ್ತೆ ಪಾಠಕ್ಕೆ ಹೋದೆ.

ಒಬ್ಬ ಪ್ರಕಾಶಕರು “ಮೇಡಂ ಹೆಸರು ಒಳಪುಟದಲ್ಲಿ ಹಾಕೋಣ ಬಿಡಿ ಸಾರ್” ಅಂದರು. ನಮ್ಮವರು ಹಸ್ತಪ್ರತಿ ಎತ್ತಿಕೊಂಡು ವಾಪಸ್ ಬಂದರು. ಆ ಪುಸ್ತಕ ಬೇರೆ ಕಡೆ ಬರುವುದು ತಡವಾಯಿತು, ಆಗ ದುಡ್ಡಿಗೂ ಕಷ್ಟ ಇತ್ತು. ಆದರೂ ಅವರು ಮಾಡಿದ್ದೇ ಸರಿ. ಅಂದಿನಿಂದ ಮುಖಪುಟದಲ್ಲಿ ಇಬ್ಬರ ಹೆಸರು, ಗೌರವಧನ ಅರ್ಧರ್ಧ ಇಬ್ಬರ ಖಾತೆಗೆ ಅಂತ ಕರಾರಿನಲ್ಲೇ ಬರೆಸಿಕೊಂಡು ಸಹಿ ಹಾಕುತ್ತೇವೆ.